ಗುಂಡನನ್ನು ವಾಪಸ್ ಕೊಡುವ ಮುನ್ನ ಅವನ ಕಿವಿ ತೋರಿಸಿ

*ಆರು ವಾರದ ಹಿಂದೆ ಪ್ರಾಣಿಗಳ ಆಶ್ರಯ ಕೇಂದ್ರದಿಂದ ಸುಮಾರು ನಾಲ್ಕು ವರ್ಷದ ಗಂಡು ನಾಯಿಯನ್ನು ದತ್ತು ತಂದೆವು. ಮಗಳೇ ಗುಂಡ ಎಂದು ಹೆಸರಿಟ್ಟಳು. ಮೊದಲು ಯಾರ ಮನೆಯಲ್ಲಿದ್ದನೋ, ಯಾರು ಬಿಟ್ಟುಹೋದರೋ ಗೊತ್ತಿಲ್ಲ. ಹತ್ತು ದಿನ ಇದ್ದಾನೋ ಇಲ್ಲವೋ ಎನ್ನುವಷ್ಟು ಸಾಧುವಾಗಿದ್ದ. ಈಗ ಊಟದ ಬಟ್ಟಲಿನ ಹತ್ತಿರ ಹೋದರೆ ಗುರುಗುಟ್ಟುತ್ತಾನೆ, ಮನೆಯೊಳಗೇ ಉಚ್ಚೆ ಹೊಯ್ಯುತ್ತಾನೆ. ಕಳೆದ ವಾರ ಏಳು ವರ್ಷದ ಮಗಳು ತಲೆ ಸವರಲು ಹೋದಾಗ ಹಲ್ಲು ತೋರಿಸಿದ, ಕಚ್ಚಲಿಲ್ಲ. 'ಒಮ್ಮೆ ಸರಿಯಾಗಿ ಬಾರಿಸಿದರೆ ಯಜಮಾನ ಯಾರೆಂದು ತಿಳಿಯುತ್ತದೆ, ಇಲ್ಲದಿದ್ದರೆ ವಾಪಸ್ ಬಿಟ್ಟು ಬಾ' ಎನ್ನುತ್ತಾರೆ ನನ್ನ ಪತಿ. ವಾಪಸ್ ಕೊಟ್ಟರೆ ಅವನನ್ನು ಕೈಬಿಟ್ಟವರ ಸಾಲಿಗೆ ನಾನೂ ಸೇರುತ್ತೇನೆ. ಇಟ್ಟುಕೊಂಡರೆ ಮಗಳ ಚಿಂತೆ. ರಾತ್ರಿಯೆಲ್ಲ ತಲೆ ಕೊಡವುತ್ತ, ಎಡಗಿವಿ ಕೆರೆದುಕೊಳ್ಳುತ್ತ ಇರುತ್ತಾನೆ; ಅವನಿಗೂ ನೆಮ್ಮದಿಯಿಲ್ಲ, ನನಗೂ ನಿದ್ದೆಯಿಲ್ಲ. ಏನು ಮಾಡಲಿ?*

*— ದಾರಿ ಕಾಣದ ತಾಯಿ*

ತಂಗೀ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ನಿಮ್ಮ ಸಂಕಟವಷ್ಟೇ ಕಂಡಿತು. ಎರಡನೆಯ ಸಲ ಆ ಎಡಗಿವಿ ಕಣ್ಣಿಗೆ ಬಿತ್ತು. ನಿದ್ದೆ ಕೆಟ್ಟ ಬೇಸರದಲ್ಲಿ ನೀವು ಅದನ್ನು ಬರೆದಿದ್ದೀರಿ. ನಾನು ಮಾತ್ರ ಅಲ್ಲಿಂದಲೇ ಶುರು ಮಾಡುತ್ತೇನೆ.

ಪತ್ರ ನೋಡಿ ರೋಗ ಹೇಳಲು ನಾನು ವೈದ್ಯಳಲ್ಲ. ಆದರೂ ತಲೆ ಕೊಡವುವುದು, ಒಂದೇ ಕಿವಿಯನ್ನು ಬಿಡದೆ ಕೆರೆದುಕೊಳ್ಳುವುದು ಕಿವಿಯ ಸೋಂಕಿನಲ್ಲಿ ಸಾಮಾನ್ಯವಾಗಿ ಕಾಣುವ ಲಕ್ಷಣಗಳು. ಅದು ನಾಯಿಗೆ ತೀರ ನೋವು ಕೊಡುವ ಕಾಯಿಲೆ. ಮಗಳು ಕೈ ಚಾಚಿದ್ದು ತಲೆಯ ಮೇಲೆ. ಉರಿಯುವ ಕಿವಿಯ ಹತ್ತಿರ ಯಾರದೋ ಕೈ ಬಂದರೆ ನಾವಾದರೆ ತಳ್ಳುತ್ತೇವೆ. ಅವನಿಗೆ ತಳ್ಳಲು ಕೈಯಿಲ್ಲ, ಇರುವುದು ಹಲ್ಲು.

ನಮ್ಮ ಮನೆಗೂ ಹೀಗೇ ಒಂದು ಹೆಣ್ಣು ನಾಯಿ ಬಂದಿತ್ತು. ಕೊರಳಿಗೆ ಬೆಲ್ಟ್ ಹಾಕಲು ಹೋದಾಗಲೆಲ್ಲ ಕೈಗೆ ಬಾಯಿ ಹಾಕುತ್ತಿತ್ತು. ಅದರ ಸ್ವಭಾವವೇ ಕೆಟ್ಟದ್ದೆಂದು ಮೂರು ತಿಂಗಳು ನಂಬಿದ್ದೆ. ಕೊನೆಗೆ ಪಶುವೈದ್ಯರು ಬಾಯಿ ತೆರೆದು ನೋಡಿದರೆ ದವಡೆ ಹಲ್ಲು ಸೀಳಿತ್ತು, ಬುಡದಲ್ಲಿ ಕೀವು. ಹಲ್ಲು ಕೀಳಿಸಿದ ಎರಡನೆಯ ವಾರ ತಾನಾಗಿಯೇ ಬಂದು ನನ್ನ ಮೊಣಕಾಲಿನ ಮೇಲೆ ಗದ್ದವಿಟ್ಟು ನಿಂತಿತು. ಆ ಮೂರು ತಿಂಗಳು ಈಗಲೂ ನನ್ನನ್ನು ಚುಚ್ಚುತ್ತವೆ. ನಿಮಗೆ ಹಾಗಾಗುವುದು ಬೇಡ.

ಹಾಗಾಗಿ ಮೊದಲು ಪಶುವೈದ್ಯರ ಬಳಿಗೆ ಹೋಗಿ. ಕಿವಿಯ ಜೊತೆಗೆ ಹಲ್ಲು, ಕೀಲುಗಳನ್ನೂ ನೋಡಲು ಹೇಳಿ. ಉಚ್ಚೆಯ ಪರೀಕ್ಷೆ ಮಾಡಿಸಿ; ಮೂತ್ರದ ಸೋಂಕಿದ್ದರೆ ಎಷ್ಟು ಕಲಿಸಿದರೂ ನಾಯಿ ತಡೆದುಕೊಳ್ಳಲಾರದು. ಉಣ್ಣಿಯಿಂದ ಬರುವ ಜ್ವರಕ್ಕೆ ರಕ್ತ, ಜಂತುಹುಳುವಿಗೆ ಮಲ ಪರೀಕ್ಷೆಯೂ ಆಗಲಿ. ಎಲ್ಲಿಯಾದರೂ ಕೂದಲುದುರಿ ಕಜ್ಜಿಯಾಗಿದ್ದರೆ ತೋರಿಸಲೇಬೇಕು, ಒಂದು ಬಗೆಯ ಕಜ್ಜಿ ಮನುಷ್ಯರಿಗೂ ಅಂಟುತ್ತದೆ. ಮನೆಯಲ್ಲಿರುವ ಕಿವಿಯ ಹನಿಯನ್ನಾಗಲಿ, ನಾವು ನುಂಗುವ ನೋವಿನ ಮಾತ್ರೆಯನ್ನಾಗಲಿ ದಯವಿಟ್ಟು ಕೊಡಬೇಡಿ. ಐಬುಪ್ರೊಫೇನ್‌ನಂಥವು ನಾಯಿಗೆ ವಿಷ.

ಇನ್ನು ನಿಮ್ಮ ಪತಿಯ ಮಾತು. ಮಗಳ ಮೇಲಿನ ಕಾಳಜಿಯಿಂದಲೇ ಹೇಳಿದ್ದಾರೆ, ಒಪ್ಪುತ್ತೇನೆ. ಆದರೆ ಹೊಡೆದರೆ ಮಗಳಿಗೇ ಅಪಾಯ ಹೆಚ್ಚು. ಗುರುಗುಟ್ಟುವ ಮೊದಲೇ ನಾಯಿ ಎಷ್ಟೋ ಹೇಳಿರುತ್ತದೆ: ತುಟಿ ನೆಕ್ಕುತ್ತದೆ, ನಿದ್ದೆಯಿಲ್ಲದಿದ್ದರೂ ಆಕಳಿಸುತ್ತದೆ, ಮುಖ ತಿರುಗಿಸುತ್ತದೆ, ಮೈ ಸೆಟೆದು ನಿಂತು ಕಣ್ಣಿನ ಬಿಳಿ ಕಾಣುವಂತೆ ವಾರೆಯಾಗಿ ನೋಡುತ್ತದೆ. ಅದ್ಯಾವುದನ್ನೂ ಯಾರೂ ಗಮನಿಸದಿದ್ದಾಗ ಗುರುಗುಟ್ಟುತ್ತದೆ. ಅದಕ್ಕೂ ಏಟು ಬಿದ್ದರೆ ಭಯ ಹಾಗೇ ಉಳಿದು ಎಚ್ಚರಿಕೆಯ ದನಿ ಮಾತ್ರ ಅಡಗುತ್ತದೆ. ಮುಂದಿನ ಸಲ ಸದ್ದಿಲ್ಲದೆ ಕಚ್ಚುತ್ತದೆ. ಮಗುವಿರುವ ಮನೆಯಲ್ಲಿ ಆ ದನಿ ಬೇಕೇ ಬೇಕು.

ಯಜಮಾನ ಯಾರೆಂದು ತೋರಿಸುವ ಸಿದ್ಧಾಂತವೂ ಹಳೆಯದಾಯಿತು. ಅದು ತೋಳಗಳಿಂದ ನಾಯಿಗಳಿಗೆ ಅಂಟಿಸಿದ ಮಾತು. 1947ರಲ್ಲಿ ಪ್ರಾಣಿಗಳ ನಡವಳಿಕೆಯ ಸಂಶೋಧಕ ರುಡಾಲ್ಫ್ ಶೆಂಕೆಲ್ ಅದನ್ನು ಬರೆದದ್ದು ಬೋನಿನಲ್ಲಿ ಕೂಡಿಹಾಕಿದ ತೋಳಗಳ ಕಾದಾಟವನ್ನು ಕಂಡು. 1970ರ ತಮ್ಮ ಪುಸ್ತಕದಲ್ಲಿ ಅದನ್ನೇ ಹರಡಿದ ತೋಳಗಳ ತಜ್ಞ ಡೇವಿಡ್ ಮೀಚ್, ಕಾಡಿನ ತೋಳಗಳ ಹಿಂಡೆಂದರೆ ಅಪ್ಪ ಅಮ್ಮ ಮಕ್ಕಳ ಸಂಸಾರ ಎಂದು 1999ರಲ್ಲಿ ತಾವೇ ತಿದ್ದಿ ಬರೆದರು. ಇದನ್ನು ನಿಮ್ಮ ಪತಿಗೆ ಓದಿ ಹೇಳಿ.

ಬಟ್ಟಲಿನ ವಿಷಯಕ್ಕೆ ಬರೋಣ. ಸದ್ಯಕ್ಕೆ ಗುಂಡನಿಗೆ ಬೇರೆ ಕೋಣೆಯಲ್ಲಿ, ಬಾಗಿಲು ಮುಚ್ಚಿ ಊಟ ಹಾಕಿ. ತಿನ್ನುತ್ತಿರುವಾಗ ಬಟ್ಟಲು ಎತ್ತಿ ಪರೀಕ್ಷಿಸಬೇಡಿ. ಕಿವಿ ವಾಸಿಯಾದ ಮೇಲೆ ನೀವೋ ನಿಮ್ಮ ಪತಿಯೋ ದೂರದಲ್ಲಿ ಹಾದುಹೋಗುತ್ತ, ಬಟ್ಟಲಿನಲ್ಲಿರುವುದಕ್ಕಿಂತ ರುಚಿಯಾದ ಒಂದು ಚೂರನ್ನು ಅವನತ್ತ ಎಸೆದು, ನಿಲ್ಲದೆ ಮುಂದೆ ನಡೆಯಿರಿ. ದಿನಕ್ಕೆರಡು ಸಲ ಸಾಕು. ನಿಮ್ಮನ್ನು ಕಂಡು ಅವನು ಬಟ್ಟಲಿನಿಂದ ತಲೆಯೆತ್ತಿ, ಬಾಲವನ್ನು ಸಡಿಲವಾಗಿ ಆಡಿಸತೊಡಗಿದಾಗ ಒಂದು ಹೆಜ್ಜೆ ಹತ್ತಿರ. ತಿನ್ನುವುದನ್ನು ನಿಲ್ಲಿಸಿ ಮೈ ಬಿಗಿಮಾಡಿಕೊಂಡರೆ, ಇಲ್ಲವೇ ಗಬಗಬನೆ ನುಂಗತೊಡಗಿದರೆ ಎರಡು ಹೆಜ್ಜೆ ಹಿಂದೆ. ವಾರಗಳೇ ಹಿಡಿಯಬಹುದು. ಕಿತ್ತುಕೊಳ್ಳಲು ಬರುವ ಕೈಗಳನ್ನಷ್ಟೇ ಕಂಡಿರಬಹುದಾದ ಪ್ರಾಣಿ ಅದು. ಕೊಡುವ ಕೈಯನ್ನು ನಂಬಲು ಪುರುಸೊತ್ತು ಬೇಕು. ಈ ಕೆಲಸವನ್ನು ಮಗಳಿಂದ ಮಾಡಿಸಲೇಬೇಡಿ.

ಮಗಳನ್ನೂ ಗುಂಡನನ್ನೂ ಒಂದು ನಿಮಿಷವೂ ಇಬ್ಬರನ್ನೇ ಬಿಡಬೇಡಿ. ನಡುವೆ ಗೇಟ್ ಇರಲಿ. ತಿನ್ನುವಾಗ, ಮಲಗಿದ್ದಾಗ ಮುಟ್ಟಬಾರದು. ಅವನಾಗಿ ಅವಳ ಬಳಿ ಬಂದರೆ ನೀವು ಪಕ್ಕದಲ್ಲಿ ಕೂತು, ಎದೆಯ ಭಾಗವನ್ನು ಮೂರು ಎಣಿಸುವಷ್ಟು ಹೊತ್ತು ಸವರಿಸಿ, ಕೈ ತೆಗೆಯಲು ಹೇಳಿ. ಇನ್ನೂ ಬೇಕಿದ್ದರೆ ಮೂತಿಯಿಂದ ತಾನೇ ಕೇಳುತ್ತಾನೆ. ರೇಬೀಸ್ ಲಸಿಕೆ ಆಗಿದೆಯೇ ಎಂದು ಇವತ್ತೇ ಕಾಗದ ತೆಗೆದು ನೋಡಿ. ಅಪ್ಪಿತಪ್ಪಿ ಹಲ್ಲು ತಾಗಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ತಡಮಾಡದೆ ವೈದ್ಯರಿಗೆ ತೋರಿಸಿ.

ಮೊದಲ ಹತ್ತು ದಿನದ ಸಾಧುತನವನ್ನು ನೆನೆದು ಮೋಸ ಹೋದೆವೆಂದು ನೊಂದುಕೊಳ್ಳಬೇಡಿ. ಅದು ಹೆದರಿಕೆಯಿಂದ ಮುದುಡಿದ್ದ ನಾಯಿ. ನೆಲೆಯೂರಲು ಮೂರು ತಿಂಗಳಾದರೂ ಬೇಕೆಂದು ನಾಯಿಗಳನ್ನು ದತ್ತು ಕೊಡುವವರು ಹೇಳುವುದುಂಟು, ಕೆಲವಕ್ಕೆ ವರ್ಷವೂ ಸಾಲದು.

ಕೊನೆಗೆ ನೀವು ಕೇಳಿದ ಪ್ರಶ್ನೆ. ಚಿಕಿತ್ಸೆಯಾಗಿ, ನಾಯಿಗಳ ನಡವಳಿಕೆ ಬಲ್ಲವರ ಸಹಾಯವನ್ನೂ ಪಡೆದು, ಆಮೇಲೂ ಮಗಳು ತನ್ನ ಮನೆಯಲ್ಲೇ ಹೆದರಿ ಓಡಾಡುವಂತಿದ್ದರೆ ಗುಂಡನನ್ನು ಅದೇ ಕೇಂದ್ರಕ್ಕೆ ಒಪ್ಪಿಸಿ. ಬಾಗಿಲು, ಗೇಟು ತಪ್ಪದೆ ಮುಚ್ಚುವುದು ನಿಮ್ಮ ಮನೆಯಲ್ಲಿ ಆಗದ ಮಾತೆಂದಾದರೆ ಈಗಲೇ ಒಪ್ಪಿಸಿ. ಬಟ್ಟಲಿನದೂ ಕಿವಿಯದೂ ಉಳಿದದ್ದೂ ಒಂದೂ ಮುಚ್ಚಿಡದೆ ಬರೆದುಕೊಡಿ. ಮಕ್ಕಳಿಲ್ಲದ ಮನೆಯೊಂದನ್ನು ಹುಡುಕಲು ಅವರಿಗೆ ಅದರಿಂದ ನೆರವಾಗುತ್ತದೆ. ಬೀದಿಯಲ್ಲಿ ಬಿಟ್ಟುಹೋದವರ ಸಾಲಿಗೆ ನೀವು ಸೇರುವುದಿಲ್ಲ ತಂಗೀ. ಆದರೆ ಕಿವಿ ತೋರಿಸುವ ಮೊದಲು ಆ ತೀರ್ಮಾನ ಬೇಡ.

ವೈದ್ಯರ ಬಳಿ ಹೋದಾಗ ಎಡಗಿವಿಯ ವಿಷಯವನ್ನು ಅವರು ಮುಟ್ಟುವ ಮೊದಲೇ ಹೇಳಿಬಿಡಿ. ಅವರು ಏನೆಂದರೆಂದು ನನಗೆ ಬರೆಯಿರಿ. ಮಗಳು ಅಂದು ಯಾವ ಪಕ್ಕದಿಂದ ಕೈ ಚಾಚಿದ್ದಳೆಂದೂ ಅವಳನ್ನು ಕೇಳಿ ತಿಳಿಸಿ.