ಡಿಸ್ಕ್ ಡ್ರೈವ್ ಇಲ್ಲದ ಕನ್ಸೋಲ್ ಕೊಂಡು ಹಳೆಯ ಡಿಸ್ಕ್‌ಗಳನ್ನು ಮಾರಿಬಿಡಲೇ?

'ಟಿವಿಗೆ ಜೋಡಿಸಿ ಆಡುವ ಗೇಮ್ ಕನ್ಸೋಲ್‌ಗಳ ಕಾಲ ಹೇಗೂ ಮುಗಿಯುತ್ತಿದೆಯಲ್ಲ, ಡಿಸ್ಕ್ ಡ್ರೈವ್ ಇಲ್ಲದ ಪಿಎಸ್5 (ಸೋನಿಯ ಪ್ಲೇಸ್ಟೇಷನ್ 5) ಕೊಂಡು ನನ್ನಲ್ಲಿರುವ 22 ಪಿಎಸ್4 ಡಿಸ್ಕ್‌ಗಳನ್ನು ಮಾರಿಬಿಡಲೇ, ಇಲ್ಲವೇ ದೂರದ ಸರ್ವರ್‌ನಲ್ಲಿರುವ ಆಟವನ್ನು ಇಂಟರ್ನೆಟ್ ಮೂಲಕ ಆಡುವ ಕ್ಲೌಡ್ ಗೇಮಿಂಗ್‌ಗಾಗಿ ಕಾಯಲೇ' ಎಂದು ನೀವು ಕೇಳಿದ್ದನ್ನು ಓದಿದಾಗ, 2016ರಲ್ಲಿದ್ದ ನಾನೇ ಎದುರು ಕುಳಿತು ಕೇಳಿದಂತಾಯಿತು. ಆ ವರ್ಷ ನಾನು ಮಾರಿದ್ದು 34 ಡಿಸ್ಕ್‌ಗಳು.

ಎರಡು ಕೈಚೀಲಗಳಲ್ಲಿ ಅವನ್ನು ತುಂಬಿಕೊಂಡು ಬೆಂಗಳೂರಿನ ಮೆಜೆಸ್ಟಿಕ್ ಬಳಿಯ ನ್ಯಾಷನಲ್ ಮಾರ್ಕೆಟ್‌ಗೆ ಹೋಗಿದ್ದೆ. ಅಂಗಡಿಯವರು ಒಂದೊಂದೇ ಡಿಸ್ಕನ್ನು ಹೊರತೆಗೆದು, ಟ್ಯೂಬ್‌ಲೈಟಿನ ಬೆಳಕಿಗೆ ಓರೆಯಾಗಿ ಹಿಡಿದು, ಗೀರುಗಳನ್ನು ನೋಡಿ ಬದಿಗಿಡುತ್ತಾ ಬಂದರು. ಕೊನೆಗೆ 19,000 ರೂಪಾಯಿ ಎಣಿಸಿ ಕೊಟ್ಟರು. ಒಂದು ಕ್ರಿಕೆಟ್ ಆಟದ ಡಿಸ್ಕನ್ನು ಮಾತ್ರ 'ಇದು ಬೇಡ ಸಾರ್, ಗೀರು ಜಾಸ್ತಿ ಇದೆ' ಎಂದು ನನ್ನ ಕೈಗೇ ವಾಪಸ್ ಹಾಕಿದರು. ಆ 19,000 ರೂಪಾಯಿಯನ್ನು ನಾನು ಅದೇ ವಾರ ಆನ್‌ಲೈನ್ ಅಂಗಡಿಯ ಗಿಫ್ಟ್ ಕಾರ್ಡ್‌ಗಳಿಗೆ ಸುರಿದೆ. ಇನ್ನು ಮುಂದೆ ಡಿಸ್ಕ್ ಬದಲಿಸಲು ಸೋಫಾದಿಂದ ಏಳಬೇಕಾಗಿಲ್ಲ, ಕಪಾಟಿನಲ್ಲಿ ಧೂಳು ಹಿಡಿಯುವ ಡಬ್ಬಿಗಳಿಲ್ಲ, ಭವಿಷ್ಯವೆಂದರೆ ಇದೇ ಎಂದು ಗೆಳೆಯರಿಗೆಲ್ಲ ಹೇಳಿಕೊಂಡು ತಿರುಗಿದೆ.

ಈಗ ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಏಕೆಂದರೆ ಇದೇ ತಪ್ಪನ್ನು ಮಾಡಿರುವ ಎಷ್ಟೋ ಜನರಿಗೆ ತಾವು ಅದನ್ನು ಮಾಡಿದ್ದೇವೆಂಬುದೇ ಇನ್ನೂ ಗೊತ್ತಿಲ್ಲ. ಕೆಲವು ಆಟಗಳು ಭಾರತದ ಅಂಗಡಿಗೆ ತಡವಾಗಿ ಬರುತ್ತವೆಂದು ನಾನು ನನ್ನ ಖಾತೆಯನ್ನು ಅಮೆರಿಕದ್ದೆಂದು ತೆರೆದಿದ್ದೆ. ಅದಕ್ಕೊಂದು ಅಮೆರಿಕದ ವಿಳಾಸ ಬೇಕಿತ್ತು. ನಕ್ಷೆಯಲ್ಲಿ ಕಂಡ ಯಾವುದೋ ಬೀದಿಯ ಹೆಸರನ್ನೂ ಪಿನ್ ಕೋಡನ್ನೂ ಹಾಕಿದೆ. ಹುಟ್ಟಿದ ದಿನಾಂಕದ ಜಾಗದಲ್ಲಿ ಕೈಗೆ ಬಂದ ತಾರೀಕನ್ನು ಒತ್ತಿದೆ. ಇಮೇಲ್ ಎಂದು ಕೇಳಿದಾಗ, ಆ ಹೊತ್ತಿಗೆ ಎದುರಿನ ಲ್ಯಾಪ್‌ಟಾಪಿನಲ್ಲಿ ತೆರೆದಿದ್ದುದು ಆಫೀಸಿನ ಮೇಲ್ ಆದ್ದರಿಂದ ಅದನ್ನೇ ಕೊಟ್ಟೆ. ಕಾರ್ಡ್ ವಿವರ ಕೊಡಲಿಲ್ಲ. ಭಾರತದ ಕಾರ್ಡ್ ಅಲ್ಲಿ ನಡೆಯುತ್ತಿರಲಿಲ್ಲ, ಹಾಗಾಗಿ ಎಲ್ಲ ಖರೀದಿಯೂ ಗಿಫ್ಟ್ ಕಾರ್ಡ್‌ಗಳ ಮೂಲಕವೇ ನಡೆಯಿತು. ಎರಡು ನಿಮಿಷದ ಕೆಲಸ. ಆಟವಾಡಲು ಬೇಕಾದ ಒಂದು ಚೀಟಿ ಎಂಬಷ್ಟೇ ಬೆಲೆಯನ್ನು ನಾನು ಆ ಖಾತೆಗೆ ಕೊಟ್ಟಿದ್ದೆ. ಮುಂದಿನ ಮೂರು ವರ್ಷಗಳಲ್ಲಿ ಅದೇ ಚೀಟಿಯ ಮೇಲೆ 58 ಆಟಗಳನ್ನು ಕೊಂಡೆ. ಹಾಕಿದ ಹಣ ಒಂದು ಲಕ್ಷ ರೂಪಾಯಿ ದಾಟಿತ್ತು.

2018ರಲ್ಲಿ ಕೆಲಸ ಬಿಟ್ಟು ಹಾಸನಕ್ಕೆ ಮರಳಿದೆ. ಆಫೀಸಿನ ಮೇಲ್ ನಿಂತಿತು. ಕನ್ಸೋಲ್‌ನಲ್ಲಿ ಖಾತೆ ಲಾಗಿನ್ ಆಗಿಯೇ ಇದ್ದುದರಿಂದ ಇದರ ಬಿಸಿ ನನಗೆ ತಟ್ಟಲಿಲ್ಲ. 2019ರ ಮಳೆಗಾಲದ ಒಂದು ಸಂಜೆ, ಕರೆಂಟ್ ಹೋಗಿ ಬಂದ ಹೊಡೆತಕ್ಕೆ ಯಂತ್ರ ಸತ್ತಿತು. ರಿಪೇರಿಯವರು ಮದರ್‌ಬೋರ್ಡ್ ಸುಟ್ಟಿದೆ ಎಂದರು. ಹಾರ್ಡ್ ಡಿಸ್ಕ್ ಸರಿಯಾಗಿಯೇ ಇತ್ತು, ಆದರೆ ಕನ್ಸೋಲ್‌ನ ಹಾರ್ಡ್ ಡಿಸ್ಕಿನ ಮಾಹಿತಿ ಆಯಾ ಯಂತ್ರದ ಕೀಲಿಯಿಂದಲೇ ಗೂಢಲಿಪಿಯಾಗಿರುತ್ತದೆ. ಅದನ್ನು ಬಿಚ್ಚಿ ಅದೇ ಮಾದರಿಯ ಇನ್ನೊಂದು ಯಂತ್ರಕ್ಕೆ ಹಾಕಿದರೂ ಅದು ಖಾಲಿ ಡಿಸ್ಕ್ ಎಂದೇ ಲೆಕ್ಕ. ಹೋಗಲಿ, ಆಟಗಳೆಲ್ಲ ಖಾತೆಯಲ್ಲಿವೆಯಲ್ಲ ಎಂದು ಹೊಸ ಯಂತ್ರ ತಂದೆ. ಪಾಸ್‌ವರ್ಡ್ ನೆನಪಿರಲಿಲ್ಲ. ಅದನ್ನು ಬದಲಿಸುವ ಲಿಂಕ್ ಹೋಗುತ್ತಿದ್ದುದು ಸತ್ತುಹೋದ ಮೇಲ್‌ಗೆ.

ಗ್ರಾಹಕ ಸೇವೆಯವರೊಂದಿಗೆ ಚಾಟ್‌ನಲ್ಲಿ ನಲವತ್ತು ನಿಮಿಷ ಕಳೆದೆ. ಅವರು ಸೌಜನ್ಯದಿಂದಲೇ ಒಂದೊಂದಾಗಿ ಕೇಳಿದರು. ಹುಟ್ಟಿದ ದಿನಾಂಕ ಹೇಳಿ ಎಂದರು; ನಿಜವಾದದ್ದು ಹೊಂದಲಿಲ್ಲ, ಒತ್ತಿದ್ದು ನೆನಪಿಲ್ಲ. ವಿಳಾಸ ಹೇಳಿ ಎಂದರು. ಯಾವ ಬೀದಿಯೋ ಏನೋ. ಮೊದಲ ಖರೀದಿಗೆ ಬಳಸಿದ ಕಾರ್ಡಿನ ಕೊನೆಯ ನಾಲ್ಕು ಅಂಕಿಗಳನ್ನು ಕೇಳಿದರು, ಕಾರ್ಡೇ ಇರಲಿಲ್ಲ. ಮೊದಲ ಬಾರಿ ಲಾಗಿನ್ ಆದ ಯಂತ್ರದ ಸೀರಿಯಲ್ ನಂಬರ್ ಕೇಳಿದರು. ಸುಟ್ಟ ಯಂತ್ರ ನಾನು ಎರಡನೆಯದಾಗಿ ಕೊಂಡದ್ದು, ಮೊದಲನೆಯದನ್ನು ಆಗಲೇ ಮಾರಿದ್ದೆ. ಖಾತೆ ನನ್ನದೆಂದು ತೋರಿಸಲು ನನ್ನ ಬಳಿ ಒಂದೇ ಒಂದು ನಿಜವಾದ ಸಂಗತಿ ಇರಲಿಲ್ಲ. ಖಾತೆ ತೆರೆಯುವಾಗ ನಾನೇ ನನ್ನನ್ನು ಅದರಿಂದ ಅಳಿಸಿಹಾಕಿದ್ದೆ. ಕಂಪನಿಯ ಹೆಸರು ಹೇಳುವುದಿಲ್ಲ, ದೂರುವುದೂ ಇಲ್ಲ. ಅವರ ಜಾಗದಲ್ಲಿ ನಾನಿದ್ದರೂ ಇಂಥವನ ಕೈಗೆ ಖಾತೆಯನ್ನು ಕೊಡುತ್ತಿರಲಿಲ್ಲ. ನನಗೆ ಇಂದಿಗೂ ನೋವಾಗುವುದು ಬೇರೆ ಕಾರಣಕ್ಕೆ. 34 ಡಿಸ್ಕ್‌ಗಳು ಕಪಾಟಿನಲ್ಲಿ ಇದ್ದಿದ್ದರೆ, ಯಾರ ಖಾತೆ, ಯಾವ ಊರಿನ ವಿಳಾಸ ಎಂದು ಅವು ನನ್ನನ್ನು ಕೇಳುತ್ತಿರಲಿಲ್ಲ.

ಉಳಿದದ್ದು ಅಂಗಡಿಯವರು ಬೇಡವೆಂದ ಆ ಕ್ರಿಕೆಟ್ ಡಿಸ್ಕ್. ಹೊಸ ಖಾತೆ ತೆರೆದು, ಹತ್ತಿ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ಒರೆಸಿ ಹಾಕಿದಾಗ, ಅದು ಎರಡು ಸಲ ಗರ್ ಎಂದು ಸದ್ದು ಮಾಡಿ ಓಡಿತು. ಆದರೆ ಅದರಲ್ಲಿ ನಾನೂ ನನ್ನ ತಂಗಿಯೂ ನಾಲ್ಕು ವರ್ಷ ಕಟ್ಟಿದ್ದ ತಂಡ ಹಳೆಯ ಖಾತೆಯ ಜೊತೆಗೇ ಹೋಗಿತ್ತು. ನಮ್ಮ ಬೀದಿಯವರನ್ನೇ ಆಟಗಾರರನ್ನಾಗಿ ಮಾಡಿದ್ದೆವು. ಟೈಲರ್ ಅಂಗಡಿಯವರು ಆರಂಭಿಕ ಬ್ಯಾಟ್ಸ್‌ಮನ್, ಹಾಲು ಹಾಕುವವರು ವಿಕೆಟ್ ಕೀಪರ್, ನಮ್ಮ ತಂದೆ ಎಡಗೈ ಸ್ಪಿನ್ನರ್. ತಂಗಿ ಆ ದೀಪಾವಳಿಗೆ ಊರಿಗೆ ಬಂದಾಗ, ನೋಟ್‌ಬುಕ್ಕಿನಲ್ಲಿ ಹನ್ನೊಂದು ಜನರನ್ನೂ ನೆನಪಿನಿಂದ ಬರೆದುಕೊಂಡು ಮತ್ತೆ ಮೊದಲಿನಿಂದ ತಂಡ ಕಟ್ಟಿದಳು. ಡಿಸ್ಕ್ ಇದ್ದುದರಿಂದ ಅಷ್ಟಾದರೂ ಆಯಿತು.

ಈಗ ನಿಮ್ಮ ಪ್ರಶ್ನೆಯ ಬುಡಕ್ಕೆ ಬರೋಣ. ಕನ್ಸೋಲ್‌ಗಳ ಕಾಲ ಮುಗಿಯುತ್ತಿದೆ ಎಂಬುದನ್ನು ನಾನು ಒಪ್ಪುವುದಿಲ್ಲ. ಸ್ಮಾರ್ಟ್‌ಫೋನ್ ಎಲ್ಲರ ಕೈಗೂ ಬಂದಾಗಲೂ ಜನ ಇದನ್ನೇ ಹೇಳಿದ್ದರು. ಅದಾದ ಮೇಲೆ 2013ರಲ್ಲಿ ಬಂದ ಪಿಎಸ್4 11 ಕೋಟಿಗೂ ಹೆಚ್ಚು ಮಾರಾಟವಾಯಿತು, 2017ರಲ್ಲಿ ಬಂದ ನಿಂಟೆಂಡೊ ಸ್ವಿಚ್ 15 ಕೋಟಿಯನ್ನು ದಾಟಿತು. ಯಂತ್ರದ ರೂಪ ಬದಲಾಗುತ್ತಿದೆ ಎಂಬುದು ನಿಜ. ಮೈಕ್ರೋಸಾಫ್ಟ್ 2024ರಿಂದ ಎಕ್ಸ್‌ಬಾಕ್ಸ್‌ಗಷ್ಟೇ ಸೀಮಿತವಾಗಿದ್ದ ಆಟಗಳನ್ನು ಪ್ಲೇಸ್ಟೇಷನ್‌ಗೂ ಕೊಡಲು ತೊಡಗಿದೆ, ವಾಲ್ವ್ ಕಂಪನಿಯ ಸ್ಟೀಮ್ ಡೆಕ್‌ನಂಥ ಕೈಯಲ್ಲಿ ಹಿಡಿಯುವ ಯಂತ್ರಗಳು ಕಂಪ್ಯೂಟರಿಗೂ ಕನ್ಸೋಲ್‌ಗೂ ನಡುವಿನ ಗೆರೆಯನ್ನು ಅಳಿಸುತ್ತಿವೆ. ಆದರೂ ಟಿವಿಯ ಕೆಳಗೆ ಒಂದು ಪೆಟ್ಟಿಗೆ ಇನ್ನೂ ಬಹಳ ವರ್ಷ ಇರುತ್ತದೆ. ಮುಗಿಯುತ್ತಿರುವುದು ಪೆಟ್ಟಿಗೆಯ ಕಾಲವಲ್ಲ, ಅದರೊಳಗಿನ ಆಟ ಕೊಂಡವರ ಸೊತ್ತಾಗಿದ್ದ ಕಾಲ. ನಮ್ಮಂಥ ಆಟಗಾರರು ಚಿಂತಿಸಬೇಕಾದದ್ದು ಅದರ ಬಗ್ಗೆ.

ಇದು ಒಂದೇ ದಿನಕ್ಕೆ ಆದದ್ದಲ್ಲ. 2013ರಲ್ಲಿ ಎಕ್ಸ್‌ಬಾಕ್ಸ್ ಒನ್ ಬರುವ ಮುಂಚೆ, ಅದು 24 ಗಂಟೆಗೊಮ್ಮೆ ಇಂಟರ್ನೆಟ್‌ಗೆ ಹೋಗಿ ಬರಲೇಬೇಕು, ಸೆಕೆಂಡ್ ಹ್ಯಾಂಡ್ ಡಿಸ್ಕ್‌ಗಳ ಮೇಲೆ ನಿರ್ಬಂಧವಿರುತ್ತದೆ ಎಂದು ಪ್ರಕಟಿಸಿದಾಗ ಆಟಗಾರರು ತಿರುಗಿಬಿದ್ದರು, ಕಂಪನಿ ಜೂನ್ ತಿಂಗಳಿನಲ್ಲಿಯೇ ಆ ನಿಯಮಗಳನ್ನು ಹಿಂತೆಗೆದುಕೊಂಡಿತು. ಅಂದು ಕೂಗೆಬ್ಬಿಸಿ ತಡೆದದ್ದನ್ನು ಇಂದು ನಾವೇ ಕಾಸು ಕೊಟ್ಟು ಮನೆಗೆ ತರುತ್ತಿದ್ದೇವೆ, ಏಕೆಂದರೆ ಡ್ರೈವ್ ಇಲ್ಲದ ಮಾದರಿ ಸ್ವಲ್ಪ ಅಗ್ಗ. 2024ರ ನವೆಂಬರ್‌ನಲ್ಲಿ 700 ಡಾಲರ್ ಬೆಲೆಗೆ ಬಂದ ಪಿಎಸ್5 ಪ್ರೊದಲ್ಲಿಯೂ ಡ್ರೈವ್ ಇಲ್ಲ, ಬೇಕಾದವರು ಬೇರೆಯಾಗಿ ಕೊಳ್ಳಬೇಕು. ನಿಂಟೆಂಡೊದ 2025ರ ಸ್ವಿಚ್ 2ರಲ್ಲಿ ಕೆಲವು ಆಟಗಳ ಕಾರ್ಡಿನೊಳಗೆ ಆಟವೇ ಇರುವುದಿಲ್ಲ, ಡೌನ್‌ಲೋಡ್ ಮಾಡಿಕೊಳ್ಳಲು ಬೇಕಾದ ಕೀಲಿ ಮಾತ್ರ ಇರುತ್ತದೆ. ನಾನು ಚಿಕ್ಕವನಿದ್ದಾಗ ನಾವು ಕ್ಯಾಸೆಟ್ ಎನ್ನುತ್ತಿದ್ದ ಆ ಹಳದಿ ಡಬ್ಬಿಯನ್ನು ಊದಿ ಸಿಕ್ಕಿಸಿದರೆ ಆಟ ಶುರುವಾಗುತ್ತಿತ್ತು. ಪಕ್ಕದ ಮನೆಯವನಿಗೆ ಅದನ್ನು ಒಂದು ವಾರಕ್ಕೆ ಕೊಡಲು ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಅಂಗಡಿಗಳೂ ಶಾಶ್ವತವಲ್ಲ. ನಿಂಟೆಂಡೊದ ಹಳೆಯ ವೀ ಯು ಮತ್ತು 3ಡಿಎಸ್ ಯಂತ್ರಗಳ ಆನ್‌ಲೈನ್ ಅಂಗಡಿಯಲ್ಲಿ ಖರೀದಿ 2023ರ ಮಾರ್ಚ್‌ನಲ್ಲಿ ನಿಂತಿತು, ಎಕ್ಸ್‌ಬಾಕ್ಸ್ 360ರ ಅಂಗಡಿ 2024ರ ಜುಲೈನಲ್ಲಿ ಮುಚ್ಚಿತು. ಪಿಎಸ್3 ಮತ್ತು ಕೈಯಲ್ಲಿ ಹಿಡಿದು ಆಡುವ ವೀಟಾ ಯಂತ್ರಗಳ ಅಂಗಡಿಗಳನ್ನು ಮುಚ್ಚುವುದಾಗಿ ಸೋನಿ 2021ರಲ್ಲಿ ಹೇಳಿತ್ತು, ಆಟಗಾರರು ಗಲಾಟೆ ಮಾಡಿದ್ದರಿಂದ ಮುಂದಿನ ತಿಂಗಳೇ ಮನಸ್ಸು ಬದಲಿಸಿತು. ಕೊಂಡದ್ದು ಲೈಸೆನ್ಸ್, ಅಂದರೆ ಬಳಸುವ ಅನುಮತಿ ಮಾತ್ರ ಎಂಬುದನ್ನು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸದೆ 'ಕೊಳ್ಳಿ' ಎಂಬ ಪದವನ್ನು ಬಳಸಕೂಡದೆಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಜಾರಿಯಲ್ಲಿದೆ. ನಮ್ಮ ದೇಶಕ್ಕೂ ಅಂಥದ್ದು ಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಆ ಒಂದು ಸಾಲನ್ನು ನಾನು 2016ರಲ್ಲಿ ತೆರೆಯ ಮೇಲೆ ಓದಿದ್ದರೆ ಕೈಚೀಲ ಹಿಡಿದು ಮೆಜೆಸ್ಟಿಕ್‌ಗೆ ಹೋಗುತ್ತಿರಲಿಲ್ಲ.

ಡಿಸ್ಕ್ ಇದ್ದರೆ ಎಲ್ಲವೂ ಕ್ಷೇಮ ಎಂದೂ ನಾನು ಹೇಳುವುದಿಲ್ಲ. ಯೂಬಿಸಾಫ್ಟ್‌ನ 'ದಿ ಕ್ರೂ' ಎಂಬ ಕಾರ್ ಆಟದ ಸರ್ವರ್‌ಗಳನ್ನು 2024ರ ಮಾರ್ಚ್ 31ರಂದು ನಿಲ್ಲಿಸಿದಾಗ, ಡಿಸ್ಕ್ ಇದ್ದವರಿಗೂ ಅದು ಕೈತಪ್ಪಿತು. ಕೊಂಡ ಆಟಗಳನ್ನು ಹೀಗೆ ಕೊಲ್ಲಬೇಡಿ ಎಂದು ಅದರ ಬೆನ್ನಿಗೇ ಹುಟ್ಟಿದ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಚಳವಳಿಯ ಮನವಿಗೆ ಯೂರೋಪಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದ್ದಾರೆ. ಒಬ್ಬರೇ ಕುಳಿತು ಆಡುವ ಆಟಗಳಲ್ಲಿ ಡಿಸ್ಕ್‌ಗೆ ಇರುವ ಬೆಲೆ, ಸದಾ ಆನ್‌ಲೈನ್ ಇರಬೇಕಾದ ಆಟಗಳಲ್ಲಿ ಇಲ್ಲ.

ಕ್ಲೌಡ್‌ಗಾಗಿ ಕಾಯುವ ಮಾತನ್ನಂತೂ ಬಿಟ್ಟುಬಿಡಿ. ಗೂಗಲ್‌ನಷ್ಟು ಹಣವೂ ಸರ್ವರ್‌ಗಳೂ ಇರುವ ಕಂಪನಿ 2019ರ ನವೆಂಬರ್‌ನಲ್ಲಿ ಸ್ಟೇಡಿಯಾ ಎಂಬ ಕ್ಲೌಡ್ ಸೇವೆಯನ್ನು ಆರಂಭಿಸಿ, 2023ರ ಜನವರಿ 18ರಂದು ಮುಚ್ಚಿತು. ಆಟ ಕೊಂಡವರಿಗೆ ಹಣ ಹಿಂದಿರುಗಿಸಿತು ಎಂಬುದನ್ನು ಮೆಚ್ಚುತ್ತೇನೆ, ಆದರೆ ಎಲ್ಲ ಕಂಪನಿಗಳೂ ಹಾಗೆ ಮಾಡುತ್ತವೆಂದು ಎಣಿಸಬೇಡಿ. ನಿಮ್ಮ ಮಲೆನಾಡಿನ ಊರಿಗೆ ಈಗ ಫೈಬರ್ ಬಂದಿದೆ ಎಂದು ಬರೆದಿದ್ದೀರಿ, ಸಂತೋಷ. ಆದರೆ ಕ್ಲೌಡ್‌ನಲ್ಲಿ ನೀವು ಗುಂಡಿ ಒತ್ತಿದ ಸಂಕೇತ ದೂರದ ಸರ್ವರ್‌ಗೆ ಹೋಗಿ, ಅಲ್ಲಿ ತಯಾರಾದ ಚಿತ್ರ ತಿರುಗಿ ನಿಮ್ಮ ಟಿವಿಗೆ ಬರಬೇಕು. ವೇಗ ಎಷ್ಟೇ ಇದ್ದರೂ ದೂರ ದೂರವೇ. ಜೊತೆಗೆ ಆಷಾಢದ ಮಳೆಯಲ್ಲಿ ಮರ ಬಿದ್ದು ಕೇಬಲ್ ಹರಿದರೆ ನಿಮ್ಮ ಬಳಿ ಆಟವೂ ಇಲ್ಲ, ಯಂತ್ರವೂ ಇಲ್ಲ. ಚಂದಾ ಕೂಡ ಅಗ್ಗವಾಗಿ ಉಳಿಯುವುದಿಲ್ಲ: ಕ್ಲೌಡ್ ಆಟವೂ ಸೇರಿರುವ ಮೈಕ್ರೋಸಾಫ್ಟ್‌ನ ಚಂದಾ ಸೇವೆ ಗೇಮ್ ಪಾಸ್ ಅಲ್ಟಿಮೇಟ್ ಅಮೆರಿಕದಲ್ಲಿ 2025ರ ಅಕ್ಟೋಬರ್‌ನಲ್ಲಿ ತಿಂಗಳಿಗೆ 20 ಡಾಲರ್‌ನಿಂದ ಒಮ್ಮೆಲೇ 30ಕ್ಕೆ ಏರಿತು. ಯಂತ್ರದ ಬೆಲೆಗೂ ಅದೇ ಗತಿ. ಹಿಂದೆ ಹಾಗಿರಲಿಲ್ಲ, 2000ದಲ್ಲಿ 299 ಡಾಲರ್ ಇದ್ದ ಪಿಎಸ್2 2009ರಲ್ಲಿ 99ಕ್ಕೆ ಇಳಿದಿತ್ತು. ಆದರೆ 2020ರಲ್ಲಿ 500 ಡಾಲರ್ ಇದ್ದ ಪಿಎಸ್5 ಅಮೆರಿಕದಲ್ಲಿ 2025ರ ಆಗಸ್ಟ್‌ನಲ್ಲಿ 550ಕ್ಕೆ ಏರಿತು. ಕಾದರೆ ಅಗ್ಗವಾಗುತ್ತದೆ ಎಂಬ ಹಳೆಯ ಲೆಕ್ಕ ಈಗ ನಡೆಯುವುದಿಲ್ಲ.

ಆದ್ದರಿಂದ ಡ್ರೈವ್ ಇರುವ ಪಿಎಸ್5 ತೆಗೆದುಕೊಳ್ಳಿ. ನಮ್ಮಲ್ಲಿ ಅದು 2021ರಲ್ಲಿ ಬಿಡುಗಡೆಯಾದಾಗ ಎರಡು ಮಾದರಿಗಳ ನಡುವಿನ ಅಂತರ 10,000 ರೂಪಾಯಿ ಇತ್ತು. ನಿಮ್ಮ 22 ಡಿಸ್ಕ್‌ಗಳಲ್ಲಿ ಬಹುಪಾಲು ಅದರಲ್ಲಿ ಹಾಗೆಯೇ ಓಡುತ್ತವೆ. ಡ್ರೈವ್ ಇಲ್ಲದ್ದನ್ನು ಕೊಂಡರೆ ಅವೇ ಆಟಗಳನ್ನು ಮತ್ತೊಮ್ಮೆ ಹಣ ಕೊಟ್ಟು ಕೊಳ್ಳಬೇಕಾಗುತ್ತದೆ. ಕೈಯಲ್ಲಿ ಹಣ ಸಾಲದಿದ್ದರೆ ಪಿಎಸ್5ರ ತೆಳುವಾದ ಸ್ಲಿಮ್ ಆವೃತ್ತಿಯ ಡಿಜಿಟಲ್ (ಡ್ರೈವ್ ಇಲ್ಲದ) ಮಾದರಿಯನ್ನು ಕೊಂಡು, ಡ್ರೈವನ್ನು ಆಮೇಲೆ ಸೇರಿಸಿಕೊಳ್ಳಬಹುದು. ಜೋಡಿಸುವಾಗ ಒಮ್ಮೆ ಇಂಟರ್ನೆಟ್ ಬೇಕು. ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುವ 2020ರ ದಪ್ಪ ಡಿಜಿಟಲ್ ಮಾದರಿಯನ್ನು ಮಾತ್ರ ಮುಟ್ಟಬೇಡಿ, ಅದಕ್ಕೆ ಡ್ರೈವ್ ಜೋಡಿಸಲು ಬರುವುದಿಲ್ಲ. ಯಂತ್ರ ಮನೆಗೆ ಬರುವ ಮುಂಚೆಯೇ, ಇಂದು ರಾತ್ರಿಯೇ ಎಂದರೂ ಸರಿ, ನಿಮ್ಮ ಖಾತೆಯನ್ನು ತೆರೆದು ನೋಡಿ. ಇಮೇಲ್ ನಿಮ್ಮ ಸ್ವಂತದ್ದೇ, ಹುಟ್ಟಿದ ದಿನಾಂಕ ನಿಜವಾದದ್ದೇ, ಎರಡು ಹಂತದ ಪರಿಶೀಲನೆಗೆ ಕೊಡುವ ಬ್ಯಾಕಪ್ ಕೋಡ್‌ಗಳನ್ನು ಕಾಗದದ ಮೇಲೆ ಬರೆದಿಟ್ಟಿದ್ದೀರಾ ಎಂಬುದನ್ನು ಖಚಿತಪಡಿಸಿಕೊಳ್ಳಿ. ಮೊದಲ ಖರೀದಿಯ ರಸೀದಿಯನ್ನೂ ಯಂತ್ರದ ಸೀರಿಯಲ್ ನಂಬರನ್ನೂ ಅದೇ ಕಾಗದದ ಜೊತೆಗಿಡಿ. ಯಂತ್ರವನ್ನು ನೇರವಾಗಿ ಗೋಡೆಯ ಪ್ಲಗ್‌ಗೆ ಹಾಕದೆ ಯುಪಿಎಸ್ ಮೂಲಕ ಹಾಕಿ.

ಡಿಸ್ಕ್‌ಗಳನ್ನು ಮಾರಬೇಡಿ. ನಿಮ್ಮಲ್ಲಿ ಮಳೆ ಹೆಚ್ಚಾದ್ದರಿಂದ ಅವನ್ನು ಗೋಡೆಗೆ ಅಂಟಿದ ಕಪಾಟಿನಲ್ಲಿಡದೆ, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬದಲ್ಲಿ ನಿಲ್ಲಿಸಿ ಜೋಡಿಸಿ, ಹೊಸ ಚಪ್ಪಲಿ ಡಬ್ಬಿಗಳಲ್ಲಿ ಬರುವ ಸಿಲಿಕಾ ಪೊಟ್ಟಣಗಳನ್ನು ನಾಲ್ಕಾರು ಹಾಕಿಡಿ. ಹಾಸನದ ಮಳೆಗೆ ನನ್ನ ಕ್ರಿಕೆಟ್ ಡಿಸ್ಕ್ ಹಾಗೆಯೇ ಉಳಿದುಕೊಂಡಿದೆ, ಕಳೆದ ಭಾನುವಾರವೂ ಓಡಿತು.