ಸ್ಕೈ ದ್ವೀಪಕ್ಕೆ 4 ದಿನ ಸಾಕಾ?

ಸ್ಕಾಟ್‌ಲೆಂಡಿನ ಎಡಿನ್‌ಬರೋದಿಂದ ಸ್ಕೈಗೆ 4 ದಿನ ಸಾಕಾ, ವಿಸ್ಕಿ ತಯಾರಿಸೋ ಡಿಸ್ಟಿಲರಿ ನೋಡಿ ಕಾರ್ ಓಡಿಸಬಹುದಾ ಅಂತ ಕೇಳಿದ್ರಿ. ಸಾಕು, ಆದ್ರೆ ಹೋಗೋಕೆ ಒಂದು, ಬರೋಕೆ ಒಂದು ದಿನ ಕಳೆದುಬಿಡಿ. ಗ್ಲೆನ್‌ಕೋ ಕಣಿವೆಯ ಮಾರ್ಗವೇ ಚೆಂದ.

ಓಡಿಸೋರು ಒಂದು ಗುಟುಕೂ ಕುಡಿಯೋದು ಬೇಡ. ಸ್ಕಾಟ್‌ಲೆಂಡಿನಲ್ಲಿ ಓಡಿಸೋರಿಗೆ ಮಿತಿ 100 ಮಿ.ಲೀ. ರಕ್ತಕ್ಕೆ 50 ಮಿ.ಗ್ರಾಂ ಆಲ್ಕೋಹಾಲ್, ಇಂಗ್ಲೆಂಡಿನಲ್ಲಿ 80. ಡ್ರೈವರ್ ಅಂತ ಮೊದಲೇ ಹೇಳಿದ್ರೆ ಎಷ್ಟೋ ಡಿಸ್ಟಿಲರಿಗಳಲ್ಲಿ ನಿಮ್ಮ ಪಾಲಿನ ವಿಸ್ಕಿನ ಪುಟ್ಟ ಬಾಟಲಿಗೆ ಹಾಕಿಕೊಡ್ತಾರೆ.

ಒಂದೇ ಗಾಡಿ ಹಿಡಿಸೋ ರಸ್ತೆಗಳಲ್ಲಿ ‘ಪಾಸಿಂಗ್ ಪ್ಲೇಸ್’ (ಗಾಡಿಗಳು ಒಂದನ್ನೊಂದು ದಾಟೋಕೆ ಬಿಟ್ಟ ಅಗಲದ ಜಾಗ) ಬೋರ್ಡ್ ನೋಡ್ತಾ ಇರಿ. ಜಾಗ ಎಡಕ್ಕಿದ್ರೆ ಒಳಗೆ ಸರಿಯಿರಿ, ಬಲಕ್ಕಿದ್ರೆ ಅದರೆದುರು ಎಡದಲ್ಲೇ ನಿಂತು ಎದುರಿನವರಿಗೆ ದಾರಿ ಬಿಡಿ. ಹಿಂದಿನವರಿಗೂ ಬಿಡಬೇಕು. ಫೋಟೋಗೆ ಅಲ್ಲಿ ನಿಲ್ಲಿಸೋರೇ ಜಾಮ್ ಮಾಡೋದು!

ಹ್ಯಾಗಿಸ್ ಅನ್ನೋದು ಕುರಿಯ ಒಳಾಂಗಗಳಿಂದ ಮಾಡೋ ಸ್ಕಾಟಿಷ್ ಖಾದ್ಯ; ಸಸ್ಯಾಹಾರಿಗಳಿಗೆ ಓಟ್ಸ್, ಬೇಳೆಕಾಳಿನದ್ದೂ ಸಿಗುತ್ತೆ. ಮೀನು ತಿನ್ನೋರು ‘ಕಲನ್ ಸ್ಕಿಂಕ್’ ಸೂಪ್ ಬಿಡಬೇಡಿ: ಹೊಗೆ ಹಾಕಿದ ಹ್ಯಾಡಕ್ ಮೀನು, ಆಲೂಗಡ್ಡೆ, ಈರುಳ್ಳಿ, ಹಾಲು. ಹಳ್ಳಿ ಕಡೆ ಅಡುಗೆಮನೆ ಬೇಗ ಮುಚ್ಚುತ್ತೆ, ಊಟಕ್ಕೆ ಮೊದಲೇ ಟೇಬಲ್ ಬುಕ್ ಮಾಡಿ.