ಮದುವೆಯಾದ ಹೆಣ್ಣುಮಕ್ಕಳು ತವರಿನ ಆಸ್ತಿಯಲ್ಲಿ ಪಾಲು ಕೇಳುವುದು ತಪ್ಪೇ?

ಖಂಡಿತ ತಪ್ಪಲ್ಲ. ಕರ್ನಾಟಕ 1994ರಲ್ಲೇ ಹಿಂದೂ ಉತ್ತರಾಧಿಕಾರ ಕಾಯ್ದೆ ತಿದ್ದಿ, ಆಗಿನ್ನೂ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಪಾಲು ಕೊಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿಯಿಂದ ಮದುವೆಯಾದವರಿಗೂ ಸಿಕ್ಕಿತು. ಆ ಹೊತ್ತಿಗೆ ತಂದೆ ಬದುಕಿರಲೇಬೇಕು ಅಂತೇನಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ನೋಂದಣಿಯಾಗಿ ಪಾಲೋ ಮಾರಾಟವೋ ಆಗಿದ್ದರೆ ಆ ಮಾತು ಬೇರೆ.

ಮನೆಗಳಲ್ಲಿ ನಡೆಯುವುದೇ ಇನ್ನೊಂದು. ನಮ್ಮ ಸೋದರತ್ತೆಯನ್ನು ಹಕ್ಕು ಬಿಡುಗಡೆ ಪತ್ರಕ್ಕೆ, ಅಂದರೆ ತನ್ನ ಪಾಲು ಬಿಟ್ಟುಕೊಟ್ಟೆ ಅಂತ ಬರೆದುಕೊಡೋಕೆ, ಕರೆದುಕೊಂಡು ಹೋದಾಗ ನಾನೂ ಜೊತೆಗಿದ್ದೆ. ಅದರಲ್ಲಿ ಏನಿದೆ ಅಂತ ಯಾರೂ ಓದಿ ಹೇಳಲಿಲ್ಲ. ಹೆಬ್ಬೆರಳು ಒತ್ತಿ, ಶಾಯಿಯನ್ನು ಸೆರಗಿನ ತುದಿಗೆ ಒರೆಸಿಕೊಂಡು, ಅಪ್ಪ ಕೊಡಿಸಿದ ಸೀರೆಯ ಕವರ್ ಹಿಡಿದು ಬಸ್ ಹತ್ತಿದರು. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ. ಕೇಳಿದರೆ ತವರಿನ ಬಾಗಿಲು ಮುಚ್ಚಿಹೋಗುತ್ತದೆ ಅನ್ನುವ ಹೆದರಿಕೆ ಅವರಿಗೆ. ಮದುವೆಗೆ ಅಷ್ಟೆಲ್ಲ ಖರ್ಚು ಮಾಡಿದ್ದೀವಲ್ಲ ಅನ್ನುತ್ತಾರೆ ತವರಿನವರು, ಆದರೆ ಆ ದುಡ್ಡಿನಿಂದ ಅವಳ ಹೆಸರಿಗೆ ಪಹಣಿಯಲ್ಲಿ ಒಂದು ಗುಂಟೆಯೂ ಬರಲಿಲ್ಲ ಅಲ್ವಾ?

ಸಹಿ ಹಾಕುವ ಮುಂಚೆ ಪತ್ರವನ್ನು ಮನೆಗೆ ತಂದು ಓದಿ, ವಕೀಲರಿಗೆ ತೋರಿಸಿ. ನೋಂದಣಿ ಆದಮೇಲೆ ಬೇಡ ಅನ್ನಿಸಿದರೆ ಕೋರ್ಟಿಗೆ ಅಲೆಯಬೇಕಾಗುತ್ತದೆ.